ವಾಟ ಸಿಗದ ಮಹಡಿಗೆ ಸದ್ದಿಲ್ಲದ ಶೌಚಾಲಯ

ಭಾವನ ನರ್ಸಿಂಗ್ ಹೋಮಿನ ಮೊದಲ ಮಹಡಿಯಲ್ಲಿ ಎಂಟು ಕೋಣೆಗಳಿವೆ. ಶೌಚಾಲಯವಿದ್ದದ್ದು ಮಾತ್ರ ಹಜಾರದ ತುದಿಯಲ್ಲಿ, ಒಂದೇ ಕಡೆ. ಕುಂದಾಪುರದ ಸಮೀಪದ ಸಣ್ಣ ಊರೊಂದರಲ್ಲಿ 1980ರ ದಶಕದಲ್ಲಿ ಅವರ ತಂದೆ ಕಟ್ಟಿಸಿದ ಕಟ್ಟಡವದು. ಹೆರಿಗೆಗೋ ಜ್ವರಕ್ಕೋ ಬಂದು ನಾಲ್ಕು ದಿನ ಮಲಗಿ ಹೋಗುವವರಿಗೆ ಅಷ್ಟು ಸಾಕೆಂದು ಆ ಕಾಲದಲ್ಲಿ ಎಲ್ಲರೂ ಭಾವಿಸಿದ್ದರು. ಈಗ ಅಲ್ಲಿಗೆ ಬಂದು ಸೇರುವವರಲ್ಲಿ ಹೆಚ್ಚಿನವರು ಎಪ್ಪತ್ತು ದಾಟಿದವರು. ಮೂರು ವರ್ಷಗಳ ಹಿಂದೆ, ಮಳೆಗಾಲದ ಒಂದು ರಾತ್ರಿ, ಒಂದು ಕೈಯಲ್ಲಿ ಡ್ರಿಪ್ ಸ್ಟ್ಯಾಂಡನ್ನು ತಳ್ಳುತ್ತ, ಇನ್ನೊಂದು ಕೈಯನ್ನು ಮಗಳ ಹೆಗಲ ಮೇಲಿಟ್ಟು ಆ ಉದ್ದನೆಯ ಹಜಾರವನ್ನು ದಾಟುತ್ತಿದ್ದ ಅಜ್ಜಿಯೊಬ್ಬರು ಒದ್ದೆ ನೆಲದಲ್ಲಿ ಜಾರಿ ಬಿದ್ದರು. ದೊಡ್ಡ ಪೆಟ್ಟಾಗಲಿಲ್ಲ. ಆದರೆ ಮರುದಿನ ಬೆಳಿಗ್ಗೆ ಭಾವ ನನಗೆ ಫೋನು ಮಾಡಿ, ಪ್ರತಿ ಕೋಣೆಗೂ ಒಂದು ಶೌಚಾಲಯ ಬೇಕು, ಏನಾದರೂ ದಾರಿ ಹುಡುಕಬೇಕು ಎಂದರು.

ನಾನು ಇಪ್ಪತ್ತಾರು ವರ್ಷ ಸರಕು ಹಡಗುಗಳಲ್ಲಿ ಎಂಜಿನಿಯರ್ ಆಗಿದ್ದವನು. ಮನೆ ಕಟ್ಟುವ ಕೆಲಸ ನನ್ನದಲ್ಲ. ಹಾಗಾಗಿ ಮೊದಲು ಊರಿನ ಪ್ಲಂಬರರನ್ನೇ ಕರೆಸಿದೆವು. ಅವರು ಮೂವತ್ತು ವರ್ಷದ ಅನುಭವಿ. ಲೆವೆಲ್ ಟ್ಯೂಬ್ ಹಿಡಿದು ಅರ್ಧ ದಿನ ಅಳೆದು, ಕೊನೆಗೆ ಹೇಳಿದ್ದು ಒಂದೇ ಮಾತು: ‘ವಾಟ ಸಿಗುವುದಿಲ್ಲ.’

ವಾಟವೆಂದರೆ ನೀರು ತಾನಾಗಿ ಹರಿದುಹೋಗಲು ಬೇಕಾದ ಇಳಿಜಾರು. ಕಟ್ಟಡದ ಕೆಲಸದಲ್ಲಿ ಈ ಎರಡಕ್ಷರದ ಮಾತು ಎಷ್ಟು ತೂಕದ್ದೆಂದು ನನಗೆ ಆ ದಿನ ಸರಿಯಾಗಿ ಅರ್ಥವಾಯಿತು. ಕೊಮೋಡಿನಿಂದ ಹೊರಡುವ 110 ಮಿಲಿಮೀಟರ್ ಪೈಪಿಗೆ ನಲವತ್ತಕ್ಕೆ ಒಂದರಂತೆ ಇಳಿಜಾರು ಕೊಡುವುದು ರೂಢಿ. ನಮ್ಮ ಕೊನೆಯ ಕೋಣೆಯಿಂದ ಹಿತ್ತಲಿನ ಚೇಂಬರಿನ ನೇರಕ್ಕೆ 28 ಮೀಟರ್ ದೂರವಿದೆ; ಅಂದರೆ ಪೈಪು ಆ ತುದಿ ತಲುಪುವಷ್ಟರಲ್ಲಿ 700 ಮಿಲಿಮೀಟರ್, ಎರಡು ಅಡಿಗಿಂತ ಹೆಚ್ಚು, ಕೆಳಗಿಳಿದಿರಬೇಕು. ಈಗಿನ ಕಟ್ಟಡಗಳಲ್ಲಿ ಬಚ್ಚಲು ಬರುವ ಜಾಗದ ಸ್ಲ್ಯಾಬನ್ನು ಮೊದಲೇ ಒಂದಡಿಯಷ್ಟು ತಗ್ಗಿಸಿ, ಪೈಪುಗಳನ್ನು ಆ ತಗ್ಗಿನಲ್ಲಿ ಕೂರಿಸಿ, ಮೇಲೆ ಸಿಂಡರೋ ಇಟ್ಟಿಗೆ ಚೂರೋ ತುಂಬುತ್ತಾರೆ. ಇಲ್ಲಿ ಸ್ಲ್ಯಾಬ್ ಉದ್ದಕ್ಕೂ ಒಂದೇ ಮಟ್ಟದಲ್ಲಿತ್ತು. ಅದನ್ನು ಕೊರೆದು ಪೈಪನ್ನು ಕೆಳಗಿನ ಸೂರಿಗೆ ನೇತುಹಾಕೋಣವೆಂದರೆ, ಆ ಸೂರಿನಡಿಯಲ್ಲಿ ಇರುವುದು ಎಕ್ಸ್‌ರೇ ಕೋಣೆ, ರಕ್ತ ಪರೀಕ್ಷೆಯ ಲ್ಯಾಬ್ ಮತ್ತು ಔಷಧಿ ಅಂಗಡಿ. ಎಕ್ಸ್‌ರೇ ಯಂತ್ರದ ನೆತ್ತಿಯ ಮೇಲೆ ಮಲದ ಪೈಪು ಹಾಯಿಸಲು ಯಾವ ವೈದ್ಯನೂ ಒಪ್ಪಲಾರ, ಒಪ್ಪಲೂ ಬಾರದು. ನಾಲ್ಕು ದಶಕ ಕಡಲ ಗಾಳಿ ಕುಡಿದ ಸ್ಲ್ಯಾಬಿನ ಕಬ್ಬಿಣವನ್ನು ಆರೇಳು ಕಡೆ ಕತ್ತರಿಸುವುದಕ್ಕೆ ನನಗೂ ಧೈರ್ಯವಿರಲಿಲ್ಲ.

ಹಿತ್ತಲಿನ ಕಡೆಗೆ ಹೊರಗೋಡೆಯಿರುವ ಎರಡು ಕೋಣೆಗಳಿಗೆ ಮಾತ್ರ ಸಮಸ್ಯೆ ಸುಲಭದಲ್ಲೇ ಬಗೆಹರಿಯಿತು. ಗೋಡೆಯ ಮೂಲಕ ಹೊರಹೋಗುವ ಪಿ ಟ್ರ್ಯಾಪ್ ಕೊಮೋಡ್ ಇಟ್ಟು, ಹೊರಗೆ ಪೈಪು ಇಳಿಸಿ, ಚೇಂಬರಿಗೆ ಸೇರಿಸಿದೆವು. ವಾಟ ಸಿಗುವಲ್ಲಿ ವಾಟವನ್ನೇ ನಂಬಬೇಕು. ಅದಕ್ಕೆ ಕರೆಂಟು ಬೇಡ, ವಾಲ್ವ್ ಬೇಡ, ಕೆಟ್ಟುಹೋಗುವ ಭಾಗವೇ ಇಲ್ಲ. ಉಳಿದ ಆರು ಕೋಣೆಗಳ ಪ್ರಶ್ನೆ ಹಾಗೆಯೇ ಉಳಿಯಿತು.

ಆಗ ನನಗೆ ಹಡಗು ನೆನಪಾಯಿತು. ಹಡಗಿನಲ್ಲಿ ವಾಟವೆಂಬುದೇ ಇಲ್ಲ. ಬೆಳಿಗ್ಗೆ ಎಡಕ್ಕೆ ವಾಲಿದ್ದು ಸಂಜೆ ಬಲಕ್ಕೆ ವಾಲುತ್ತದೆ, ಮುಂಗಾರಿನ ಅರಬ್ಬಿ ಸಮುದ್ರದಲ್ಲಾದರೆ ನಿಮಿಷಕ್ಕೆ ಹಲವು ಸಲ ಎರಡೂ ಕಡೆ ವಾಲುತ್ತದೆ. ಅಂಥಲ್ಲಿ ಇಳಿಜಾರನ್ನು ನಂಬಿ ಪೈಪು ಹಾಕಿದರೆ ಕೊಳೆ ಎತ್ತ ಹೋಗುತ್ತದೆಂದು ಹೇಳಲಾಗದು. ಜೊತೆಗೆ, ಹಡಗುಗಳಿಂದಾಗುವ ಮಾಲಿನ್ಯವನ್ನು ತಡೆಯುವ ಮಾರ್ಪೋಲ್ ಎಂಬ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಮಲಿನ ನೀರಿನ ಕುರಿತಾದ ನಾಲ್ಕನೆಯ ಅನುಬಂಧ 2003ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಮೇಲೆ, ಹಡಗಿನಲ್ಲೇ ಸಂಸ್ಕರಿಸಬೇಕಾದ ಅಥವಾ ಕೂಡಿಡಬೇಕಾದ ಕೊಳೆನೀರು ಎಷ್ಟು ಕಡಿಮೆಯಿದ್ದರೆ ಅಷ್ಟು ಒಳ್ಳೆಯದಾಯಿತು. ಈ ಎರಡೂ ಕಾರಣಗಳಿಂದ ನಾನು ಕೆಲಸ ಮಾಡಿದ ಹಡಗುಗಳಲ್ಲೆಲ್ಲ ಇದ್ದದ್ದು ವ್ಯಾಕ್ಯೂಮ್, ಅಂದರೆ ನಿರ್ವಾತದ ಶೌಚಾಲಯ. ಒಂದು ಸಲ ಫ್ಲಶ್ ಮಾಡಲು ಅದಕ್ಕೆ ಬೇಕಾದದ್ದು ಸುಮಾರು ಒಂದು ಲೀಟರ್ ನೀರು. ಉಳಿದ ಕೆಲಸವನ್ನೆಲ್ಲ ಗಾಳಿ ಮಾಡುತ್ತದೆ.

ನಿರ್ವಾತವು ಕೊಳೆಯನ್ನು ಎಳೆದುಕೊಳ್ಳುತ್ತದೆ ಎಂದು ನಾವು ಮಾತಿಗೆ ಹೇಳುತ್ತೇವೆ. ನಿಜದಲ್ಲಿ ಎಳೆಯುವುದು ಯಾವುದೂ ಇಲ್ಲ. ನಮ್ಮ ತಲೆಯ ಮೇಲಿನ ವಾಯುಮಂಡಲವೇ ತಳ್ಳುತ್ತದೆ. ಕಡಲ ಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 101 ಕಿಲೋಪಾಸ್ಕಲ್. ಪೈಪಿನೊಳಗಿನ ಗಾಳಿಯನ್ನು ಪಂಪು ಹೊರಹಾಕಿ ಒಳಗಿನ ಒತ್ತಡವನ್ನು ಅದರ ಅರ್ಧಕ್ಕೆ ಇಳಿಸಿದರೆ, ಹೊರಗಿನ ಗಾಳಿಗೆ 50 ಕಿಲೋಪಾಸ್ಕಲ್‌ನಷ್ಟು ಮೇಲುಗೈ ಸಿಗುತ್ತದೆ, ಮತ್ತು ಅಷ್ಟು ಬಲ ಐದು ಮೀಟರ್ ಎತ್ತರದ ನೀರಿನ ಕಂಬವನ್ನು ಎತ್ತಿ ಹಿಡಿಯಬಲ್ಲದು. ವಾಲ್ವ್ ತೆರೆದ ಕ್ಷಣ ಹೊರಗಿನ ಗಾಳಿ ಒಳನುಗ್ಗಿ, ಮುಂದಿರುವ ನೀರನ್ನೂ ಮಲವನ್ನೂ ಒಂದು ಉಂಡೆಯಂತೆ ದೂಡಿಕೊಂಡು ಹೋಗುತ್ತದೆ. ಹಾಗಾಗಿ ಪೈಪು ಮೇಲಕ್ಕೆ ಏರಬಹುದು, ಸೂರಿನಡಿಯಲ್ಲಿ ಓಡಬಹುದು, ತೊಲೆ ಅಡ್ಡ ಬಂದರೆ ಬಳಸಿ ಹೋಗಬಹುದು. 50 ಮಿಲಿಮೀಟರಿನ ಸಣ್ಣ ಪೈಪೇ ಸಾಕಾಗುತ್ತದೆ. ಈ ಲೆಕ್ಕ ಕರಾವಳಿಯದ್ದು. ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿಯ ಒತ್ತಡವೇ ಸುಮಾರು ಹತ್ತನೆಯ ಒಂದು ಪಾಲು ಕಡಿಮೆ ಇರುವುದರಿಂದ, ಅಲ್ಲಿ ಇದನ್ನು ಮಾಡುವವರು ಪಂಪನ್ನು ಆಯ್ಕೆ ಮಾಡುವಾಗ ಅದನ್ನು ಗಮನದಲ್ಲಿಡಬೇಕು.

ಈ ಉಪಾಯ ಹೊಸದೂ ಅಲ್ಲ. ಚಾರ್ಲ್ಸ್ ಲಿಯರ್ನೂರ್ ಎಂಬ ಡಚ್ ಎಂಜಿನಿಯರ್ 1860ರ ದಶಕದಲ್ಲೇ ಇದನ್ನು ರೂಪಿಸಿದ್ದರು. ಆಮ್‌ಸ್ಟರ್‌ಡ್ಯಾಮ್, ಲೈಡನ್‌ನಂತಹ ಊರುಗಳ ಕೆಲವು ಭಾಗಗಳಲ್ಲಿ ಅದು ನಡೆದಿತ್ತು. ನೆಲವೆಲ್ಲ ಚಪ್ಪಟೆಯಾಗಿರುವ ದೇಶದವರಿಗೆ ವಾಟದ ಚಿಂತೆ ನಮಗಿಂತ ಹೆಚ್ಚು. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಸ್ವೀಡನ್ನಿನ ಯೋಯೆಲ್ ಲಿಲ್ಯೆಂಡಾಲ್ ಅದಕ್ಕೆ ಇಂದಿನ ರೂಪ ಕೊಟ್ಟರು, ಆಮೇಲೆ ಅದು ಹಡಗು ಮತ್ತು ವಿಮಾನಗಳಿಗೆ ಹೋಯಿತು. ನಮ್ಮಲ್ಲಿ ವಂದೇ ಭಾರತ್ ರೈಲು ಹತ್ತಿದವರು ಅದೇ ಬಗೆಯ ಶೌಚಾಲಯವನ್ನು ನೋಡಿರುತ್ತಾರೆ. ಕಟ್ಟಡಗಳ ಒಳಗಿನ ನಿರ್ವಾತ ಡ್ರೈನೇಜಿಗೆಂದೇ ಯುರೋಪಿನಲ್ಲಿ ಇಎನ್ 12109 ಎಂಬ ಮಾನದಂಡ 1990ರ ದಶಕದಿಂದ ಇದೆ.

ಆ ಶೌಚಾಲಯವನ್ನು ಬಳಸಿದವರಿಗೆ ಅದರ ಸದ್ದೂ ನೆನಪಿರುತ್ತದೆ. ನನ್ನ ಕಣ್ಣಮುಂದೆ ನಿಂತದ್ದು ಅದೇ. ಹಡಗಿನಲ್ಲಿ ನಡುರಾತ್ರಿಯ ಪಾಳಿ ಮುಗಿಸಿ ಬಂದವರು ಗುಂಡಿ ಒತ್ತಿದರೆ ಪಕ್ಕದ ಕ್ಯಾಬಿನ್ನಿನವರು ಎದ್ದು ಕೂರುತ್ತಿದ್ದರು. ಹೊಸ ಹಡಗುಗಳಿಗೆ 2014ರ ಜುಲೈಯಿಂದ ಕಡ್ಡಾಯವಾದ ಅಂತರರಾಷ್ಟ್ರೀಯ ನಿಯಮದ ಪ್ರಕಾರ ದೊಡ್ಡ ಹಡಗಿನ ಕ್ಯಾಬಿನ್ನಿನಲ್ಲಿ ಸದ್ದು 55 ಡೆಸಿಬೆಲ್ ದಾಟಬಾರದು. ಆಸ್ಪತ್ರೆಯ ಮಾತೇ ಬೇರೆ: ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಕೊಟ್ಟ ಮಾರ್ಗಸೂಚಿಯಂತೆ ರೋಗಿಗಳು ಮಲಗುವಲ್ಲಿ ರಾತ್ರಿಯ ಸರಾಸರಿ ಸದ್ದು 30 ಡೆಸಿಬೆಲ್, ನಡುವೆ ಏಳುವ ಗರಿಷ್ಠ ಸದ್ದು 40 ಡೆಸಿಬೆಲ್ ಮೀರಬಾರದು. ಹೃದಯದ ತೊಂದರೆಯಿಂದ ಮಲಗಿದವರ ತಲೆದಿಂಬಿನಿಂದ ಏಳು ಅಡಿ ದೂರದಲ್ಲಿ ಹಡಗಿನ ಶೌಚಾಲಯವನ್ನು ತಂದಿಡುವುದು ಅಪಚಾರವೇ ಸರಿ. ಇನ್ನೊಂದು ಅಪಾಯವನ್ನು ನಾನು ಅನುಭವದಿಂದ ಬಲ್ಲೆ: ಸದ್ದಿಗೆ ಹೆದರಿದವರು, ಪಕ್ಕದವರ ನಿದ್ದೆ ಕೆಡುತ್ತದೆಂದು ಸಂಕೋಚಪಟ್ಟವರು ಫ್ಲಶ್ ಮಾಡುವುದನ್ನೇ ಬಿಡುತ್ತಾರೆ, ಇಲ್ಲವೇ ಬೆಳಗಾಗುವವರೆಗೆ ತಡೆದುಕೊಂಡು ಮಲಗುತ್ತಾರೆ. ಆದ್ದರಿಂದ ಭಾವನಿಗೆ ನಾನು ಮೊದಲೇ ಹೇಳಿದೆ: ಸದ್ದಿಲ್ಲದೆ ಮಾಡಲು ಆಗುವುದಾದರೆ ಮಾತ್ರ ಮಾಡೋಣ, ಇಲ್ಲವಾದರೆ ಬೇಡ.

ಅದಕ್ಕೂ ಮುಂಚೆ, ಕೊಮೋಡಿನ ಹಿಂದೆ ಇಡುವ ಅರೆಯುವ ಪಂಪುಗಳನ್ನು ನೋಡಿದೆವು. ಮಲವನ್ನು ಅಲಗಿನಿಂದ ನುಣ್ಣಗೆ ಮಾಡಿ ಸಣ್ಣ ಪೈಪಿನಲ್ಲಿ ಮೇಲಕ್ಕೆ ಒತ್ತುವ ಯಂತ್ರಗಳವು. ಒಂದು ಮನೆಗೆ, ಒಂದೇ ಶೌಚಾಲಯ ಸೇರಿಸಬೇಕೆಂದರೆ ಈಗಲೂ ನಾನು ಅದನ್ನೇ ಸೂಚಿಸುವೆ. ಒಂದು ಕೊಮೋಡಿಗಾಗಿ ನಿರ್ವಾತದ ಇಡೀ ವ್ಯವಸ್ಥೆಯನ್ನು ಕಟ್ಟುವುದು ದುಂದು. ಆದರೆ ಆರು ಕೋಣೆಗಳಲ್ಲಿ ಆರು ಮೋಟರು, ಪ್ರತಿಯೊಂದೂ ರೋಗಿಯ ಹತ್ತಿರವೇ ಗರಗರ ಎನ್ನುವುದು, ಹತ್ತಿಯ ಚೂರು ಸಿಕ್ಕಿಕೊಂಡಾಗಲೆಲ್ಲ ಅದೇ ಕೋಣೆಯಲ್ಲಿ ಕೂತು ಬಿಚ್ಚುವುದು, ಇದು ಆಸ್ಪತ್ರೆಗೆ ಹೊಂದುವುದಿಲ್ಲ. ನಿರ್ವಾತದಲ್ಲಿ ತಿರುಗುವ ಯಂತ್ರಗಳೆಲ್ಲ ಒಂದೇ ಕಡೆ ಇರುತ್ತವೆ, ಆ ಕಡೆಯನ್ನು ನಾವು ದೂರದಲ್ಲಿ ಆರಿಸಿಕೊಳ್ಳಬಹುದು. ಆಸ್ಪತ್ರೆಗೆ ಇನ್ನೊಂದು ಅನುಕೂಲವೂ ಇದೆ: ಪೈಪಿನಲ್ಲಿ ಬಿರುಕು ಬಿಟ್ಟರೆ ಕೊಳೆ ಹೊರಗೆ ತೊಟ್ಟಿಕ್ಕುವುದರ ಬದಲು ಹೊರಗಿನ ಗಾಳಿಯೇ ಒಳಕ್ಕೆ ಸೇರುತ್ತದೆ. ಎಕ್ಸ್‌ರೇ ಕೋಣೆಯಿರುವ ಕಟ್ಟಡದಲ್ಲಿ ಇದು ಸಣ್ಣ ಸಮಾಧಾನವಲ್ಲ.

ಸದ್ದು ಎಲ್ಲಿಂದ ಹುಟ್ಟುತ್ತದೆಂದು ನಾನು ಒಂದು ಹಾಳೆಯ ಮೇಲೆ ಬರೆದುಕೊಂಡು ಕೂತೆ. ಎಲ್ಲಕ್ಕಿಂತ ದೊಡ್ಡದು, ವಾಲ್ವ್ ತೆರೆದಾಗ ಬಟ್ಟಲಿನೊಳಗಿನಿಂದಲೇ ನುಗ್ಗುವ ಗಾಳಿಯದು. ಹಡಗಿನ ಶೌಚಾಲಯ ಪ್ರತಿ ಸಲವೂ ಸುಮಾರು 60 ಲೀಟರ್ ಗಾಳಿಯನ್ನು ಕುಡಿಯುತ್ತದೆ, ಅದೂ ಒಂದೆರಡು ಸೆಕೆಂಡಿನಲ್ಲಿ. ಮುಕ್ತವಾಗಿ ಚಿಮ್ಮುವ ಗಾಳಿಯ ಸದ್ದಿನ ಶಕ್ತಿ ಅದರ ವೇಗದ ಎಂಟನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆಂದು ಬ್ರಿಟನ್ನಿನ ಗಣಿತಜ್ಞ ಜೇಮ್ಸ್ ಲೈಟ್‌ಹಿಲ್ 1952ರಲ್ಲಿ ತೋರಿಸಿದರು. ವೇಗ ಅರ್ಧವಾದರೆ ಸದ್ದಿನ ಶಕ್ತಿ 256ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಪೈಪಿನೊಳಗೆ ಲೆಕ್ಕ ಇಷ್ಟು ಸರಳವಲ್ಲವಾದರೂ ದಿಕ್ಕು ಅದೇ: ಗಾಳಿಯ ಓಟವನ್ನು ಸ್ವಲ್ಪ ತಗ್ಗಿಸಿದರೂ ಕಿವಿಗೆ ಬಹಳ ಹಿತ. ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದವರು 2019ರಲ್ಲಿ ವಿಮಾನದ ಶೌಚಾಲಯವನ್ನು ಇಟ್ಟುಕೊಂಡು ಮಾಡಿದ ಪ್ರಯೋಗವೂ ನನಗೆ ದಾರಿ ತೋರಿಸಿತು. ಅವರು ಬಟ್ಟಲಿಗೂ ವಾಲ್ವಿಗೂ ನಡುವಿನ ಪೈಪನ್ನು ಉದ್ದ ಮಾಡಿ, ಬಾಗನ್ನು ದೊಡ್ಡದಾಗಿ ಮೆಲ್ಲನೆ ತಿರುಗುವಂತೆ ಮಾಡಿದರು; ವಾಲ್ವ್ ತೆರೆಯುವ ಕ್ಷಣದ ಸದ್ದು 16 ಡೆಸಿಬೆಲ್‌ವರೆಗೆ ತಗ್ಗಿತು. ಹತ್ತು ಡೆಸಿಬೆಲ್ ತಗ್ಗಿದರೆ ನಮ್ಮ ಕಿವಿಗೆ ಸದ್ದು ಅರ್ಧವಾದಂತೆ ಕೇಳುತ್ತದೆ, ಆದ್ದರಿಂದ ಇದು ದೊಡ್ಡ ಗಳಿಕೆ.

ನಾವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬಟ್ಟಲಿಗೂ ನಿರ್ವಾತಕ್ಕೂ ನೇರ ಸಂಬಂಧವನ್ನೇ ತಪ್ಪಿಸಿದೆವು. ಕೋಣೆಯಲ್ಲಿ ಇಟ್ಟದ್ದು ಎಲ್ಲ ಅಂಗಡಿಗಳಲ್ಲೂ ಸಿಗುವ, ಗೋಡೆಯ ಕಡೆಗೆ ಬಾಯಿರುವ, ಕಡಿಮೆ ನೀರಿನ ಕೊಮೋಡ್. ಅದರಿಂದ ಹೊರಟ ನೀರು ಒಂದು ಗೇಣಿನ ಇಳಿಜಾರಿನಲ್ಲಿ ಸದ್ದಿಲ್ಲದೆ ಹರಿದು, ಗೋಡೆಯ ಆಚೆ ಹಜಾರದ ಬದಿಯಲ್ಲಿ ಕಟ್ಟಿದ ಕಿರಿದಾದ ಡಕ್ಟಿನೊಳಗಿನ ಬಕೆಟ್ ಗಾತ್ರದ ಪೆಟ್ಟಿಗೆಗೆ ಬೀಳುತ್ತದೆ. ಪೆಟ್ಟಿಗೆಯಲ್ಲಿ ಒಂದು ನಿಂತ ಕೊಳವೆಯಿದೆ. ನೀರು ಏರಿದಂತೆ ಕೊಳವೆಯೊಳಗೆ ಸಿಕ್ಕಿಬಿದ್ದ ಗಾಳಿ ಒತ್ತಿಕೊಳ್ಳುತ್ತದೆ, ಆ ಒತ್ತಡವೇ ವಾಲ್ವನ್ನು ತೆರೆಯುತ್ತದೆ. ವಾಲ್ವ್ ತೆರೆಯಲು ವಿದ್ಯುತ್ತು ಬೇಕಾಗಿಲ್ಲ. ವಾಲ್ವ್ ತೆರೆದಾಗ ಒಳಬರುವ ಗಾಳಿ ರೋಗಿಯ ಕೋಣೆಯಿಂದ ಬರುವುದಿಲ್ಲ. ತಾರಸಿಯವರೆಗೆ ಹೋಗಿರುವ, ನಡುವೆ ಸೈಲೆನ್ಸರ್ ಇರುವ ಇನ್ನೊಂದು ಪೈಪಿನಿಂದ ಬರುತ್ತದೆ. ಈ ಗಾಳಿಪೈಪು ಇನ್ನೊಂದು ಕಾರಣಕ್ಕೂ ಅಗತ್ಯ. ಅದಿಲ್ಲದಿದ್ದರೆ ನಿರ್ವಾತವು ಟ್ರ್ಯಾಪಿನಲ್ಲಿ ನಿಂತ ನೀರನ್ನೂ ಸೆಳೆದುಕೊಂಡು, ದುರ್ವಾಸನೆಗೆ ಬಾಗಿಲು ತೆರೆದುಬಿಡುತ್ತದೆ.

ಹೀಗೆ ಮಾಡಿದ್ದರಿಂದ ಒಂದು ಲೀಟರಿನ ಫ್ಲಶ್ ಎಂಬ ಲಾಭವನ್ನು ಕೈಬಿಡಬೇಕಾಯಿತು. ಸಾಮಾನ್ಯ ಕೊಮೋಡಿಗೆ ಮೂರು ನಾಲ್ಕು ಲೀಟರ್ ಬೇಕೇ ಬೇಕು. ನೀರಿನ ಉಳಿತಾಯಕ್ಕಿಂತ ನಿದ್ದೆ ಮುಖ್ಯವೆಂದು ನಾನೂ ಭಾವನೂ ಕೂತು ನಿರ್ಧರಿಸಿದೆವು. ಅಲ್ಲದೆ, ನಮ್ಮ ಜನ ತೊಳೆದುಕೊಳ್ಳುವುದು ನೀರಿನಿಂದ. ಮಗ್ಗಿನಿಂದಲೋ ಜೆಟ್ಟಿನಿಂದಲೋ ಬಟ್ಟಲಿಗೆ ಒಂದೆರಡು ಲೀಟರ್ ನೀರು ಹೇಗೂ ಸೇರುತ್ತದೆ. ಕಾಗದ ಬಳಸುವವರ ಲೆಕ್ಕದಲ್ಲಿ ಮಾಡಿದ ನಿರ್ವಾತದ ಬಟ್ಟಲುಗಳನ್ನು ಭಾರತೀಯ ಸಿಬ್ಬಂದಿ ಬಳಸುವಾಗ ಗುಂಡಿಯನ್ನು ಎರಡು ಸಲ ಒತ್ತಬೇಕಾಗುತ್ತಿದ್ದುದನ್ನು ನಾನು ಹಡಗಿನಲ್ಲೇ ಕಂಡಿದ್ದೆ. ಪೆಟ್ಟಿಗೆಯ ವ್ಯವಸ್ಥೆಗೆ ನೀರು ಎಷ್ಟು ಬಂದರೂ ಚಿಂತೆಯಿಲ್ಲ, ತುಂಬಿದಾಗ ಅದೇ ಖಾಲಿಯಾಗುತ್ತದೆ. ವಾಲ್ವ್ ಕೆಟ್ಟು ಖಾಲಿಯಾಗದಿದ್ದರೆ ನರ್ಸುಗಳ ಮೇಜಿನ ಬಳಿ ಒಂದು ದೀಪ ಉರಿಯುವಂತೆ ಮಾಡಿದ್ದೇವೆ.

ಬಚ್ಚಲ ನೀರಿಗೆ ಬೇರೆಯೇ ಪೆಟ್ಟಿಗೆ. ಎರಡನ್ನೂ ಒಂದಕ್ಕೇ ಸೇರಿಸಿದರೆ ಯಾವತ್ತೋ ಒಂದು ದಿನ ಮಲದ ನೀರು, ಬಚ್ಚಲ ನೀರು ಇಳಿಯುವ ನಹಾನಿ ಟ್ರ್ಯಾಪಿನಿಂದ ಸ್ನಾನದ ನೆಲಕ್ಕೆ ಏರುತ್ತದೆ. ಆ ಸಾಧ್ಯತೆಯನ್ನು ಆಸ್ಪತ್ರೆಯಲ್ಲಿ ಉಳಿಸಬಾರದು. ಸ್ಲ್ಯಾಬ್ ತಗ್ಗಿಲ್ಲದ ಕಾರಣ ಸ್ನಾನದ ನೆಲವನ್ನು ನಾಲ್ಕು ಇಂಚು ಎತ್ತರಿಸುವುದು ಅನಿವಾರ್ಯವಾಯಿತು. ಮೆಟ್ಟಿಲು ಇಟ್ಟರೆ ನಾವು ಹೊರಟ ಉದ್ದೇಶವೇ ಹಾಳಾಗುತ್ತಿತ್ತಾದ್ದರಿಂದ, ಗಾಲಿಕುರ್ಚಿ ಹೋಗುವಂತೆ ಉದ್ದನೆಯ ಇಳಿಜಾರು ಕೊಟ್ಟೆವು. ಇದರಿಂದ ಕೋಣೆಯ ಜಾಗ ಸ್ವಲ್ಪ ಕಡಿಮೆಯಾಯಿತು. ಈ ಕೆಲಸದಲ್ಲಿ ನನಗೆ ಪೂರ್ತಿ ತೃಪ್ತಿ ಕೊಡದ ಭಾಗವೆಂದರೆ ಇದೊಂದೇ.

ಪೆಟ್ಟಿಗೆಯಿಂದ 40 ಮಿಲಿಮೀಟರಿನ ಪೈಪು ಗೋಡೆಯಗುಂಟ 2.6 ಮೀಟರ್ ಏರಿ, ಹಜಾರದ ಫಾಲ್ಸ್ ಸೀಲಿಂಗಿನ ಮೇಲೆ ಓಡುವ 50 ಮಿಲಿಮೀಟರಿನ ಮುಖ್ಯ ಲೈನಿಗೆ ಸೇರುತ್ತದೆ. ಸೇರುವುದು ಯಾವಾಗಲೂ ಮೇಲ್ಭಾಗದಿಂದಲೇ, ಓರೆಯಾದ ವೈ ಜೋಡಣೆಯ ಮೂಲಕ. ಬದಿಯಿಂದ ಸೇರಿಸಿದರೆ ಮುಖ್ಯ ಲೈನಿನ ಕೊಳೆ ಏರುಪೈಪಿಗೆ ಹಿಮ್ಮರಳುತ್ತದೆ. ಉದ್ದನೆಯ ಲೈನಿನ ನಡುವೆ ಒಂದು ಸಣ್ಣ ತಗ್ಗನ್ನೂ ಬಿಟ್ಟಿದ್ದೇವೆ. ದಾರಿಯಲ್ಲಿ ಚದುರಿದ ನೀರು ಅಲ್ಲಿ ಮತ್ತೆ ಕೂಡಿಕೊಂಡು ಉಂಡೆಯಾಗುತ್ತದೆ, ಮುಂದಿನ ಸಲ ಗಾಳಿ ಬಂದಾಗ ಅದಕ್ಕೆ ತಳ್ಳಲು ಏನಾದರೂ ಸಿಗುತ್ತದೆ. ಲೈನು ತಲುಪುವುದು ಹಿತ್ತಲಿನಲ್ಲಿ ಜನರೇಟರಿನ ಪಕ್ಕ ಕಟ್ಟಿದ ಸಣ್ಣ ಶೆಡ್ಡಿನ ಟ್ಯಾಂಕಿಗೆ. ಅಲ್ಲಿಂದ ಕೊಳೆ ಹಳೆಯ ಚೇಂಬರಿಗೆ ಹೋಗುತ್ತದೆ.

ನೀರಿನ ಉಂಡೆ ವೇಗವಾಗಿ ಬಂದು ತಿರುವಿಗೆ ಬಡಿದಾಗ ಏಳುವ ‘ಧಡ್’ ಎಂಬ ಶಬ್ದ ಸದ್ದಿನ ಎರಡನೆಯ ಮೂಲ. ಅದಕ್ಕಾಗಿ ತೊಂಬತ್ತು ಡಿಗ್ರಿಯ ಎಲ್ಬೋ ಎಲ್ಲಿಯೂ ಬೇಡವೆಂದೆ. ಎಲ್ಲ ಕಡೆ ನಲವತ್ತೈದು ಡಿಗ್ರಿಯ ಎರಡು ತುಂಡುಗಳನ್ನು ನಡುವೆ ಅಂತರ ಬಿಟ್ಟು ಜೋಡಿಸಿದರು. ಕ್ಲ್ಯಾಂಪುಗಳಿಗೆ ರಬ್ಬರು ಹಾಕಿದೆವು, ಗೋಡೆ ದಾಟುವಲ್ಲೆಲ್ಲ ಪೈಪಿನ ಸುತ್ತ ಅದಕ್ಕಿಂತ ದೊಡ್ಡ ಕೊಳವೆಯ ತೋಳು ಕೊಟ್ಟು ನಡುವೆ ಖನಿಜ ಉಣ್ಣೆ ತುಂಬಿದೆವು. ಪೈಪು ಸಿಮೆಂಟಿಗೆ ಎಲ್ಲಿಯೂ ತಾಗಬಾರದು, ತಾಗಿದರೆ ಇಡೀ ಗೋಡೆಯೇ ಡೋಲಿನ ಚರ್ಮವಾಗುತ್ತದೆ. ಹಡಗಿನಲ್ಲಿ ನಾನು 50 ಕಿಲೋಪಾಸ್ಕಲ್ ಆಸುಪಾಸಿನಲ್ಲಿ ಇಡುತ್ತಿದ್ದ ನಿರ್ವಾತವನ್ನು ಇಲ್ಲಿ 40ಕ್ಕೆ ಇಳಿಸಿದೆ. ನಾಲ್ಕು ಮೀಟರ್ ಎತ್ತುವ ಶಕ್ತಿಯಿದ್ದಾಗ 2.6 ಮೀಟರ್ ಏರಿಸುವುದು ಕಷ್ಟವಲ್ಲ, ಗಾಳಿಯ ರಭಸವೂ ತಗ್ಗುತ್ತದೆ. ಪಂಪುಗಳಿಗೆ ರಬ್ಬರಿನ ಪಾದ, ಬಾಗುವ ಜೋಡಣೆ, ಹೊರಬಿಡುವ ಗಾಳಿಗೆ ಸೈಲೆನ್ಸರ್, ಮತ್ತು ವಾಸನೆ ಕೆಳಗಿಳಿಯದಂತೆ ತಾರಸಿಗಿಂತ ಎತ್ತರದ ಕೊಳವೆ. ಟ್ಯಾಂಕನ್ನು ಬೇಕಾದುದಕ್ಕಿಂತ ದೊಡ್ಡದಿಟ್ಟೆವು. ಆಗ ಪ್ರತಿ ಫ್ಲಶ್ಶಿಗೂ ಪಂಪು ಏಳಬೇಕಾಗಿಲ್ಲ, ರಾತ್ರಿಯಲ್ಲಿ ಹಲವು ಸಲದ ಬಳಕೆಯನ್ನು ಕೂಡಿಟ್ಟ ನಿರ್ವಾತವೇ ನಿಭಾಯಿಸುತ್ತದೆ.

ಪೈಪಿನ ವಿಷಯದಲ್ಲಿ ಆರಂಭದಲ್ಲೇ ಒಂದು ವಾದವಾಯಿತು. ಕೊಳೆನೀರಿನ ಪೈಪೆಂದರೆ ರಬ್ಬರ್ ರಿಂಗಿನ ತೆಳು ಪೈಪೆಂದೇ ನಮ್ಮ ಪ್ಲಂಬರರಿಗೆ ಅಭ್ಯಾಸ. ನಿರ್ವಾತಕ್ಕೆ ಅದು ಹೊಂದುವುದಿಲ್ಲ. ಕುಡಿಯುವ ನೀರಿನ ಒತ್ತಡ ತಡೆಯುವ ದಪ್ಪ ದರ್ಜೆಯ ಪೈಪನ್ನು ಸಾಲ್ವೆಂಟ್ ಹಚ್ಚಿ ಕೂಡಿಸಬೇಕು. ಅವರಿಗೆ ಅದು ವ್ಯರ್ಥ ಖರ್ಚೆಂದು ಕಂಡಿತು. ಕೊನೆಗೆ ನನ್ನ ಮಾತಿಗೆ ಒಪ್ಪಿದರು, ಆದರೆ ಒಂದು ಜೋಡಣೆಗೆ ಮಾತ್ರ ಅವಸರದಲ್ಲಿ ಸಾಲ್ವೆಂಟ್ ಕಡಿಮೆಯಾಗಿತ್ತು.

ಅದು ಗೊತ್ತಾದದ್ದು ಮೊದಲ ರಾತ್ರಿ. ಯಾರೂ ಬಳಸದಿದ್ದರೂ ಪಂಪು ಏಳೆಂಟು ನಿಮಿಷಕ್ಕೊಮ್ಮೆ ಎದ್ದು ಕೂಗುತ್ತಿತ್ತು. ಗಾಳಿ ಸೋರುವ ಲೈನು ಎಂದರೆ ಸದ್ದು ಮಾಡುವ ಲೈನು ಎಂದೇ ಅರ್ಥ. ನಿರ್ವಾತದ ವ್ಯವಸ್ಥೆಯಲ್ಲಿ ಮೌನದ ಅರ್ಧ ಭಾಗ ಇರುವುದು ಜೋಡಣೆಗಳ ಬಿಗಿಯಲ್ಲಿ. ಹಡಗಿನ ಪಾಠ ಇಲ್ಲಿ ಉಪಯೋಗಕ್ಕೆ ಬಂತು. ಪ್ರತಿ ಎರಡು ಕೋಣೆಗಳಿಗೊಂದರಂತೆ ಲೈನಿನಲ್ಲಿ ಬಾಲ್ ವಾಲ್ವ್ ಹಾಕಿಸಿದ್ದೆ. ತುದಿಯಿಂದ ಒಂದೊಂದನ್ನೇ ಮುಚ್ಚುತ್ತ ಬಂದು, ಯಾವುದನ್ನು ಮುಚ್ಚಿದಾಗ ಗೇಜಿನ ಮುಳ್ಳು ಇಳಿಯದೆ ನಿಂತಿತೋ ಅದರಾಚೆಯ ಭಾಗವನ್ನು ಹುಡುಕಿದೆವು. ಸೋಪಿನ ನೊರೆ ಹಚ್ಚಿದಾಗ ಒಂದು ಕಡೆ ನೊರೆ ಒಳಕ್ಕೆ ಸರಿಯಿತು. ಆ ತುಂಡನ್ನು ಬದಲಿಸಿದ ಮೇಲೆ ಪಂಪು ರಾತ್ರಿಯಿಡೀ ಎದ್ದದ್ದು ಬೆರಳೆಣಿಕೆಯಷ್ಟು ಸಲ.

ಎರಡು ವರ್ಷದ ಅನುಭವದಲ್ಲಿ ತೊಂದರೆಗಳೂ ಬಂದಿವೆ. ಗಾಯದ ಬಟ್ಟೆ, ಹತ್ತಿ, ಪ್ಯಾಡು ಇವು ಕೊಮೋಡಿಗೆ ಬಿದ್ದರೆ ವಾಲ್ವಿನ ಬಾಯಿ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ನಿರ್ವಾತ ಸೋರುತ್ತದೆ, ಇಡೀ ಮಹಡಿಗೆ ತೊಂದರೆಯಾಗುತ್ತದೆ. ಗುರುತ್ವದ ಪೈಪಿನಲ್ಲಿ ಒಬ್ಬರ ತಪ್ಪು ಸಾಮಾನ್ಯವಾಗಿ ಒಂದು ಕೋಣೆಗೆ ಮಾತ್ರ ಸೀಮಿತ, ಇಲ್ಲಿ ಹಾಗಲ್ಲ. ಈಗ ಪ್ರತಿ ಶೌಚಾಲಯದಲ್ಲೂ ಮುಚ್ಚಳದ ಕಸದ ಡಬ್ಬಿಯಿದೆ, ಕನ್ನಡದಲ್ಲಿ ಬರೆದ ಸೂಚನೆಯಿದೆ, ಮತ್ತು ವಾಲ್ವಿನ ರಬ್ಬರುಗಳ ಒಂದು ಜೊತೆ ಯಾವಾಗಲೂ ಔಷಧಿ ಅಂಗಡಿಯ ಕಪಾಟಿನಲ್ಲಿದೆ. ಮೂತ್ರದಿಂದ ಪೈಪಿನೊಳಗೆ ಕಟ್ಟುವ ಗಟ್ಟಿ ಗಸಿ ಇನ್ನೊಂದು ಚಿಂತೆ. ಹಡಗಿನಲ್ಲಿ ಕಬ್ಬಿಣದಂತೆ ಗಡುಸಾದ ಆ ಗಸಿಯನ್ನು ಕೆತ್ತಿ ತೆಗೆದ ದಿನಗಳು ನನಗೆ ಚೆನ್ನಾಗಿ ನೆನಪಿವೆ. ಇಲ್ಲಿ ನೀರು ಹೆಚ್ಚು ಹೋಗುವುದರಿಂದ ಅದು ನಿಧಾನ. ಆದರೂ ತಿಂಗಳಿಗೊಮ್ಮೆ ರಾತ್ರಿ ಸಿಟ್ರಿಕ್ ಆಮ್ಲದ ನೀರು ಸುರಿದು ಬಿಡುವ ಪದ್ಧತಿ ಇಟ್ಟಿದ್ದೇವೆ.

ಕರೆಂಟಿನ ಮಾತನ್ನು ಮರೆಮಾಚಬಾರದು. ಮಳೆಗಾಲದಲ್ಲಿ ನಮ್ಮೂರಿನಲ್ಲಿ ಮರ ಬಿದ್ದರೆ ವಿದ್ಯುತ್ ಬರುವುದು ಮರುದಿನವೇ. ಟ್ಯಾಂಕಿನಲ್ಲಿ ಕೂಡಿಟ್ಟ ನಿರ್ವಾತ ಕೆಲವು ಸಲದ ಬಳಕೆಗೆ ಸಾಕು, ಆಮೇಲೆ ಜನರೇಟರು ಬೇಕೇ ಬೇಕು. ಆಸ್ಪತ್ರೆಯಾದ್ದರಿಂದ ಅದು ಹೇಗೂ ಇತ್ತು. ಜನರೇಟರು ಇಲ್ಲದ ಹಾಸ್ಟೆಲ್ಲೋ ಕಚೇರಿಯೋ ಇದನ್ನು ಮಾಡಹೊರಟರೆ, ವಾಟದಲ್ಲಿ ನಡೆಯುವ ಒಂದು ಶೌಚಾಲಯವನ್ನಾದರೂ ಉಳಿಸಿಕೊಳ್ಳಬೇಕೆಂದು ನಾನು ಕೈಮುಗಿದು ಹೇಳುವೆ. ಹಜಾರದ ತುದಿಯ ಹಳೆಯ ಶೌಚಾಲಯವನ್ನು ನಾವು ಕೆಡವಲಿಲ್ಲ. ಈಗ ಅದನ್ನು ರೋಗಿಗಳ ಜೊತೆಗೆ ಬಂದವರು ಬಳಸುತ್ತಾರೆ.

ಕೆಲಸ ಮುಗಿದ ಮೊದಲ ವಾರ ನಾನೇ ಮೂರು ರಾತ್ರಿ ಬೇರೆ ಬೇರೆ ಕೋಣೆಗಳ ಖಾಲಿ ಹಾಸಿಗೆಯಲ್ಲಿ ಮಲಗಿ ಕೇಳಿದೆ. ಕೊಮೋಡಿನ ನೀರು ಇಳಿಯುವ ಸದ್ದು ಮನೆಯಲ್ಲಿ ಕೇಳುವಂತೆಯೇ ಇತ್ತು. ತುಸು ಹೊತ್ತಿನ ಮೇಲೆ ಗೋಡೆಯ ಆಚೆ, ಯಾರೋ ದೀರ್ಘವಾಗಿ ಉಸಿರೆಳೆದುಕೊಂಡಂತೆ ಒಂದು ಸದ್ದು, ಅಷ್ಟೇ. ಕಿವಿಗೊಟ್ಟು ಕಾದಿದ್ದರಿಂದ ನನಗೆ ಕೇಳಿತು. ಪಕ್ಕದ ಕೋಣೆಯಲ್ಲಿ ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದ ರೋಗಿಯ ಮಗನನ್ನು ಬೆಳಿಗ್ಗೆ ಕೇಳಿದಾಗ, ರಾತ್ರಿ ಅಮ್ಮ ಎರಡು ಸಲ ಎದ್ದಿದ್ದು ತನಗೆ ಗೊತ್ತೇ ಆಗಲಿಲ್ಲವೆಂದ.

ಆರರಲ್ಲಿ ನಾಲ್ಕು ಕೋಣೆಗಳ ಕೆಲಸ ಮುಗಿದಿದೆ. ರಸ್ತೆಯ ಕಡೆಯ ಎರಡು ಕೋಣೆಗಳು ಬಾಕಿ. ಹಣ ಹೊಂದಿಸಿಕೊಂಡು ಮಾಡೋಣವೆಂದು ಭಾವ ಹೇಳಿದ್ದರಿಂದ, ಮುಖ್ಯ ಲೈನಿನ ಆ ತುದಿಗೆ ಒಂದು ವಾಲ್ವ್ ಕೂರಿಸಿ ಮುಚ್ಚಳ ಹಾಕಿದ್ದೇವೆ. ಉಳಿದ ಕೋಣೆಗಳನ್ನು ನಿಲ್ಲಿಸದೆಯೇ ಅಲ್ಲಿಂದ ಮುಂದಕ್ಕೆ ಜೋಡಿಸಬಹುದು. ನವರಾತ್ರಿ ಕಳೆದು ಮಳೆ ಪೂರ್ತಿ ನಿಂತ ಮೇಲೆ ಅದೇ ಪ್ಲಂಬರರು ಬರುತ್ತಾರೆ. ಪೈಪು ಯಾವ ದರ್ಜೆಯದು ಬೇಕೆಂದು ಈ ಸಲ ಅವರೇ ಪಟ್ಟಿ ಬರೆದುಕೊಟ್ಟಿದ್ದಾರೆ.